ಎಪಾಕ್ಸಿ ಹಾಕಿ ಅಂಟಿಸಿದ ಅಲ್ಯೂಮಿನಿಯಂ ಆ್ಯಂಗಲ್ ಕುಶಾಲನಗರದಲ್ಲಿ ನಿಂತಿದೆ, ಭಾಗಮಂಡಲದಲ್ಲಿ ಬಿಟ್ಟು ಬಂದಿದೆ, ಯಾಕೆ?

ಗೋಣಿಕೊಪ್ಪ_ಫ್ಯಾಬ್

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನಂದೊಂದು ಚಿಕ್ಕ ಫ್ಯಾಬ್ರಿಕೇಷನ್ ಶಾಪ್ ಇದೆ, ಹೋಂಸ್ಟೇ ಬೋರ್ಡು, ಗೇಟಿನ ನೇಮ್ ಪ್ಲೇಟು, ಕಾಫಿ ಪಲ್ಪ್ ಹೌಸ್ ಬಾಗಿಲಿಗೆ ಶೀಟ್ ಹೊಡೆಯೋದು ಇಂಥ ಕೆಲಸ. ಬೋರ್ಡಿಗೆ ಅಲ್ಯೂಮಿನಿಯಂ ಶೀಟ್ ತಗೊಂಡು ಹಿಂದೆ ಎಲ್ ಆಕಾರದ ಆ್ಯಂಗಲ್ ಪಟ್ಟಿ ಕೊಡ್ತೀವಿ ಬಾಗಬಾರದು ಅಂತ, ಮುಂದುಗಡೆ ರಿವೆಟ್ ತಲೆ ಕಾಣೋದು ಪಾರ್ಟಿಗೆ ಇಷ್ಟ ಆಗಲ್ಲ ಅದಕ್ಕೆ ಎರಡು ಟ್ಯೂಬಿನ ಎಪಾಕ್ಸಿಲಿ ಅಂಟಿಸ್ತೀವಿ. ಪೆಟ್ರೋಲಲ್ಲಿ ಒರೆಸಿ, ಎಮರಿ ಪೇಪರಲ್ಲಿ ಉಜ್ಜಿ, ಅಂಟು ಹಾಕಿ, ರಾತ್ರಿ ಪೂರ್ತಿ ಕ್ಲಾಂಪ್. ಬೆಳಗ್ಗೆ ತೆಗೆದು ನೋಡಿದ್ರೆ ಸುತ್ತಿಗೇಲಿ ಹೊಡೆದ್ರೂ ಬಿಡಲ್ಲ, ಅಷ್ಟು ಗಟ್ಟಿ.

ಈಗ ಪ್ರಶ್ನೆ ಏನಂದ್ರೆ, ಒಂದೇ ಶೀಟು, ಒಂದೇ ಕಂಪನಿ ಅಂಟು, ಒಂದೇ ಹುಡುಗ ಮಾಡಿದ ಕೆಲಸ, ಕುಶಾಲನಗರ ಕಡೆ ಕೊಟ್ಟ ಬೋರ್ಡೆಲ್ಲ ಚೆನ್ನಾಗಿವೆ, ಆದ್ರೆ ಭಾಗಮಂಡಲ, ಚೇರಂಬಾಣೆ ಕಡೆ ಹಾಕಿದ್ದು ಕಕ್ಕಡ (ಜುಲೈ-ಆಗಸ್ಟ್‌ನ ಜೋರು ಮಳೆ ತಿಂಗಳು) ಮುಗಿಯೋ ಹೊತ್ತಿಗೆ ಆ್ಯಂಗಲ್ ಪೂರ್ತಿ ಬಿಟ್ಟು ಕೈಗೆ ಬರ್ತಿದೆ. ಮುರಿದಿಲ್ಲ, ಸ್ಟಿಕರ್ ತರ ಕ್ಲೀನಾಗಿ ಎದ್ದು ಬಂದಿದೆ. ಮಳೆ ಜಾಸ್ತಿ ಅನ್ನೋದು ಗೊತ್ತು, ಆದ್ರೆ ಎಪಾಕ್ಸಿ ವಾಟರ್‌ಪ್ರೂಫ್ ಅಲ್ವಾ? ಅಂಟು ಬದಲಾಯಿಸ್ಬೇಕಾ, ಇಲ್ಲ ಮಾಡೋ ಕ್ರಮ ಬದಲಾಯಿಸ್ಬೇಕಾ? ಗೊತ್ತಿರೋರು ಹೇಳಿ ಪ್ಲೀಸ್.

ಟಿಂಕರಿಂಗ್_ಮಡಿಕೇರಿ

ನಮ್ಮೂರ ಮಳೇಲಿ ಅಂಟೆಲ್ಲ ನಡೆಯಲ್ಲ ಬ್ರದರ್. ನಾನು ಜೀಪು, ಪಿಕಪ್ ಬಾಡಿ ಕೆಲಸ ಮಾಡೋನು, ಪ್ಯಾಚ್ ಅಂದ್ರೆ ರಿವೆಟ್ಟೇ. ಅಂಟಿಸಿದ ಪ್ಯಾಚ್ ಎರಡನೇ ಮಳೆಗಾಲ ಕಂಡಿದ್ದು ನಾನಂತೂ ನೋಡಿಲ್ಲ. ರಿವೆಟ್ ಹೊಡೆದು ತಲೆ ಮೇಲೆ ಪುಟ್ಟಿ, ಪೇಂಟ್ ಮಾಡಿ, ಯಾರಿಗೂ ಕಾಣಲ್ಲ.

ನಾಪೋಕ್ಲು_ಬಾಂಡಿಂಗ್

ನಾನು ನಾಪೋಕ್ಲು ಕಡೆಯವನು, ಈಗ ಬೆಂಗಳೂರಲ್ಲಿ ವಿಮಾನದ ಪಾರ್ಟ್ಸ್ ಮಾಡೋ ಒಂದು ಕಡೆ ಬಾಂಡಿಂಗ್ ಶಾಪಲ್ಲೇ, ಅಂದ್ರೆ ಲೋಹ ಅಂಟಿಸೋ ವಿಭಾಗದಲ್ಲೇ ಕೆಲಸ, ದಿನಾ ಇದೇ ವಿಷಯ. ಅಂಟು ನಡೆಯಲ್ಲ ಅನ್ನೋದನ್ನ ನಾನು ಒಪ್ಪಲ್ಲ, ಅಂಟಿಸೋಕ್ಕಿಂತ ಮುಂಚೆ ಲೋಹಕ್ಕೆ ಏನು ಮಾಡಿದ್ರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಉತ್ತರ ಹೇಳೋ ಮುಂಚೆ ನೀವೊಂದು ನೋಡಿ ಹೇಳ್ಬೇಕು. ಬಿಟ್ಟು ಬಂದ ಆ್ಯಂಗಲ್, ಆ ಶೀಟು ಎರಡನ್ನೂ ಪಕ್ಕಪಕ್ಕ ಇಟ್ಟು ಬೆಳಕಲ್ಲಿ ನೋಡಿ. ಅಂಟು ಎರಡೂ ಕಡೆ ಇದ್ಯಾ, ಒಂದೇ ಕಡೆ ಇದ್ಯಾ? ಅಂಚಲ್ಲಿ ಬಿಳಿ ಪುಡಿ ಇದ್ಯಾ? ಅಂಟಿನ ಮೇಲೆ ಉಗುರು ಒತ್ತಿದ್ರೆ ಗಟ್ಟಿ ಇದ್ಯಾ, ಮೇಣದ ತರ ಇದ್ಯಾ? ಸಾಧ್ಯ ಇದ್ರೆ ಬೂತಗನ್ನಡಿ ಹಿಡಿದು ನೋಡಿ. ಬಿಟ್ಟ ಮುಖ, ಅಂದ್ರೆ ಅಂಟು ಕೂತಿದ್ದ ಮೇಲ್ಮೈ ನೋಡದೆ ಅಂಟಿನ ಬ್ರ್ಯಾಂಡ್ ಬದಲಾಯಿಸೋದು ದುಡ್ಡು ದಂಡ.

ಗೋಣಿಕೊಪ್ಪ_ಫ್ಯಾಬ್

ನೋಡ್ದೆ ಸರ್. ಅಂಟು ಹೆಚ್ಚುಕಮ್ಮಿ ಪೂರ್ತಿ ಆ್ಯಂಗಲ್ ಕಡೆನೇ ಉಳಿದಿದೆ, ಶೀಟ್ ಕಡೆ ಬರೀ ಲೋಹ, ಎಮರಿ ಗೀರು ಹಂಗೇ ಕಾಣ್ತಿದೆ. ಅಂಟಿನ ಮೇಲೂ ಅದೇ ಗೀರಿನ ಅಚ್ಚು ಬಿದ್ದಿದೆ. ಅಂಚಿಂದ ಒಳಗೆ ಬೆರಳಗಲ ಬಿಳಿ ಪುಡಿ. ನಡುವೆ ಒಂದು ಕಡೆ ಮಾತ್ರ ಸ್ವಲ್ಪ ಅಂಟು ಎರಡೂ ಕಡೆ ಹರಿದುಕೊಂಡಿದೆ. ಅಂಟು ಗಟ್ಟಿನೇ ಇದೆ, ಕಲ್ಲಿನ ತರ.

ನಾಪೋಕ್ಲು_ಬಾಂಡಿಂಗ್

ಹಾಗಾದ್ರೆ ಅಂಟು ಸೋತಿಲ್ಲ. ಅಂಟೇ ಸೋತಿದ್ರೆ ಅದು ಮಧ್ಯದಲ್ಲಿ ಹರಿದು ಎರಡೂ ಮುಖದ ಮೇಲೆ ಉಳೀತಿತ್ತು, ನಿಮಗೆ ನಡುವಿನ ಆ ಚೂರಲ್ಲಿ ಕಾಣ್ತಿದ್ಯಲ್ಲ ಹಂಗೆ. ಗೀರಿನ ಅಚ್ಚು ಬಿದ್ದಿದೆ ಅಂದ್ರೆ ಎಪಾಕ್ಸಿ ಚೆನ್ನಾಗಿ ಹರಡಿ ಗೀರು ಗೀರಿಗೂ ಇಳಿದಿತ್ತು, ಮೊದಲ ದಿನ ನಿಜವಾಗ್ಲೂ ಹಿಡಿದಿತ್ತು. ಆಮೇಲೆ ನೀರು ಬಂದು ಅದನ್ನ ಎಬ್ಬಿಸಿದೆ.

ಹೇಗೆ ಅಂದ್ರೆ, ಎಪಾಕ್ಸಿ ಯಾವತ್ತೂ ಬರೀ ಅಲ್ಯೂಮಿನಿಯಂ ಮೇಲೆ ಕೂರಲ್ಲ, ನೀವು ಉಜ್ಜಿದ ಕ್ಷಣಕ್ಕೇ ಗಾಳಿ ತಾಗಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಬೆಳೆಯುತ್ತೆ, ಅಂಟು ಹಿಡಿಯೋದು ಅದನ್ನ. ಒಣಗಿದ್ದಾಗ ಆ ಪದರ ಗಟ್ಟಿ. ಆದ್ರೆ ಎಪಾಕ್ಸಿ ವಾಟರ್‌ಪ್ರೂಫ್ ಅನ್ನೋದು ಅರ್ಧ ಸತ್ಯ, ನೀರು ಧಾರೆಯಾಗಿ ಹರಿದು ಹೋಗಲ್ಲ ನಿಜ, ಆದ್ರೆ ಅದರ ಅಣುಗಳು ನಿಧಾನಕ್ಕೆ ಅಂಟಿನೊಳಗೇ ಇಂಗ್ತವೆ, ಅಂಚಿನ ಕಡೆಯಿಂದ ಲೋಹದ ಗಡಿಗುಂಟ ಒಳಗೂ ನುಗ್ತವೆ. ಅಲ್ಲಿ ಎರಡು ಕೆಲಸ ಆಗುತ್ತೆ. ಒಂದು, ಆಕ್ಸೈಡಿಗೆ ಎಪಾಕ್ಸಿಗಿಂತ ನೀರಿನ ಮೇಲೇ ಒಲವು ಜಾಸ್ತಿ, ನೀರು ಅಂಟನ್ನ ತಳ್ಳಿ ತಾನು ಕೂರುತ್ತೆ. ಎರಡು, ಅಲ್ಯೂಮಿನಿಯಂ ಆಕ್ಸೈಡ್ ನೀರು ಕುಡಿದು ಉಬ್ಬಿ ಹೈಡ್ರಾಕ್ಸೈಡ್ ಆಗುತ್ತೆ, ಆ ಹೊಸ ಪದರಕ್ಕೆ ಕೆಳಗಿನ ಲೋಹದ ಮೇಲೆ ಹಿಡಿತವೇ ಇಲ್ಲ. ಪಾಚಿ ಹಿಡಿದ ಗೋಡೆ ಮೇಲೆ ಸುಣ್ಣ ಬಳಿದ ಹಾಗೆ, ಸುಣ್ಣ ಚೆನ್ನಾಗೇ ಇರುತ್ತೆ, ಕೆಳಗಿರೋದು ಬಿಟ್ಟುಕೊಡುತ್ತೆ. ನೀವು ನೋಡಿದ ಬಿಳಿ ಪುಡಿ ಇದರ ಮುಂದಿನ ಹಂತ, ಬಿಟ್ಟ ಜಾಗಕ್ಕೆ ನೀರು ಸೇರಿ ಕರೋಷನ್ (ಲೋಹ ತುಕ್ಕಿನ ತರ ಸವೆಯೋದು) ಶುರು ಆಗಿದ್ದು.

ಈಗ ಕುಶಾಲನಗರ ಯಾಕೆ ನಿಂತಿದೆ ಅನ್ನೋದಕ್ಕೆ ಬರ್ತೀನಿ. ಅಲ್ಲಿ ಬೋರ್ಡು ನೆನೆದ್ರೂ ಮಧ್ಯೆ ಒಣಗೋಕೆ ಬಿಸಿಲು ಸಿಗುತ್ತೆ. ಭಾಗಮಂಡಲದಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಮಳೆ ನಿಂತರೂ ಮಂಜು, ಮಂಜು ಹೋದ್ರೂ ಮರದ ಹನಿ, ಅಂಚು ಒಣಗೋದೇ ಇಲ್ಲ. ಕುಶಾಲನಗರದ ಬೋರ್ಡಿನ ಮುಖ ಬೇರೆ ತರ ತಯಾರಾಗಿಲ್ಲ, ಅದಕ್ಕೆ ಇನ್ನೂ ಅಷ್ಟು ನೀರು ಸಿಕ್ಕಿಲ್ಲ ಅಷ್ಟೆ. ಹಾಗಾಗಿ ಅದು ಸರಿಯಾಗಿದೆ, ಇದು ಕೆಟ್ಟಿದೆ ಅಂತ ಬೇರೆ ಬೇರೆ ನೋಡ್ಬೇಡಿ, ಎರಡೂ ಒಂದೇ ದಾರೀಲಿವೆ.

ನಿಮ್ಮ ಸುತ್ತಿಗೆ ಟೆಸ್ಟ್ ಬಗ್ಗೆ ಒಂದು ಮಾತು, ಇದು ನಮ್ಮ ಫೀಲ್ಡಲ್ಲಿ ಎಲ್ಲರೂ ಗಟ್ಟಿಯಾಗಿ ಕಲ್ತಿರೋ ವಿಷಯ. ಮೊದಲ ದಿನದ ಬಲ ನೋಡಿದ್ರೆ ಚೆನ್ನಾಗಿ ತಯಾರು ಮಾಡಿದ ಮುಖಕ್ಕೂ ಸುಮ್ನೆ ಒರೆಸಿದ ಮುಖಕ್ಕೂ ದೊಡ್ಡ ವ್ಯತ್ಯಾಸನೇ ಕಾಣ್ಸಲ್ಲ. ವ್ಯತ್ಯಾಸ ಕಾಣೋದು ನೀರು ಮತ್ತೆ ಎಳೆತ ಎರಡೂ ಒಟ್ಟಿಗೆ ಬಿದ್ದಾಗ. ಅದಕ್ಕೇ ಬೋಯಿಂಗ್‌ನವರು ವೆಜ್ ಟೆಸ್ಟ್, ಅಂದ್ರೆ ಬೆಣೆ ಟೆಸ್ಟ್ ಅಂತ ತಂದ್ರು, ಅದು ಆಮೇಲೆ ಎಎಸ್‌ಟಿಎಂ ಡಿ3762 ಅಂತ ಸ್ಟ್ಯಾಂಡರ್ಡ್ ಆಯ್ತು. ನಿಮ್ಮ ಶಾಪಲ್ಲೂ ಮಾಡಬಹುದು. ಸುಮಾರು 3 ಮಿಲಿಮೀಟರ್ ದಪ್ಪ, 25 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಎರಡು ಪಟ್ಟಿ ಒಂದರ ಮೇಲೊಂದು ಅಂಟಿಸಿ, ಒಂದು ತುದೀಲಿ ಸ್ವಲ್ಪ ಜಾಗ ಅಂಟಿಲ್ಲದೆ ಬಿಡಿ. ಅಂಟು ಪೂರ್ತಿ ಕ್ಯೂರ್ ಆದ್ಮೇಲೆ (ಗಟ್ಟಿಯಾದ್ಮೇಲೆ) ಆ ತುದಿಗೆ 3 ಮಿಲಿಮೀಟರ್ ದಪ್ಪದ ಬೆಣೆ ಬಡಿದು ಬಿಡಿ. ಬಿರುಕು ಸ್ವಲ್ಪ ದೂರ ಓಡಿ ನಿಲ್ಲುತ್ತೆ, ನಿಂತ ಕಡೆ ಪಕ್ಕದಲ್ಲಿ ಗೀರಿ ಗುರುತು ಮಾಡಿ. ಆಮೇಲೆ ಬಿಸಿ, ತೇವ ಎರಡೂ ಇರೋ ಕಡೆ ಇಡ್ಬೇಕು, ಸುಮಾರು 50 ಡಿಗ್ರಿ. ನಮ್ಮ ಕಡೆ ಬಚ್ಚಲು ಮನೇಲಿ ಹಂಡೆ ಒಲೆ ಉರೀತಾನೇ ಇರುತ್ತಲ್ಲ, ಮುಚ್ಚಳ ಇರೋ ಡಬ್ಬಿಗೆ ಒದ್ದೆ ಬಟ್ಟೆ ಹಾಕಿ ಪಟ್ಟಿ ಒಳಗಿಟ್ಟು ಹಂಡೆ ಪಕ್ಕ ಇಡಿ. ಒಂದು ಗಂಟೆ ಆದ್ಮೇಲೆ ಒಮ್ಮೆ, ಮಾರನೇ ದಿನ ಒಮ್ಮೆ ನೋಡಿ ಬಿರುಕು ಎಷ್ಟು ಮುಂದೆ ಹೋಯ್ತು ಅಂತ. ಮುಖ ಸರಿ ಇಲ್ದಿದ್ರೆ ಬೇಗ ಓಡುತ್ತೆ, ಬಿಡಿಸಿ ನೋಡಿದ್ರೆ ಓಡಿದ ಭಾಗ ಪೂರ್ತಿ ಬೋಳು ಲೋಹ. ಮುಂದಿನ ಮಳೆಗಾಲದ ತನಕ ಕಾಯದೆ ಉತ್ತರ ಸಿಗುತ್ತೆ.

ಟಿಂಕರಿಂಗ್_ಮಡಿಕೇರಿ

ಇಷ್ಟೆಲ್ಲ ಮಾಡೋಕ್ಕಿಂತ ರಿವೆಟ್ ಸುಲಭ ಅಲ್ವಾ ಸರ್? ವಿಮಾನಕ್ಕೂ ರಿವೆಟ್ಟೇ ಹೊಡೆಯೋದು ತಾನೇ.

ನಾಪೋಕ್ಲು_ಬಾಂಡಿಂಗ್

ಹೊಡೀತಾರೆ, ಅಂಟೂ ಹಾಕ್ತಾರೆ. ಎರಡೂ ಇದ್ದು ಅಂಟು ಕೈಕೊಟ್ಟರೆ ಏನಾಗುತ್ತೆ ಅನ್ನೋದು 1988ರ ಏಪ್ರಿಲ್ 28ಕ್ಕೆ ಹವಾಯಿಯಲ್ಲಿ ಗೊತ್ತಾಯ್ತು. ಅಲೋಹಾ ಏರ್‌ಲೈನ್ಸ್ ಫ್ಲೈಟ್ 243, ಬೋಯಿಂಗ್ 737, 24,000 ಅಡಿ ಎತ್ತರದಲ್ಲಿ ಮುಂದಿನ ಭಾಗದ ಮೇಲ್ಛಾವಣಿನೇ ಕಿತ್ತು ಹೋಯ್ತು, ಒಬ್ಬ ಗಗನಸಖಿ ತೀರಿಕೊಂಡರು. ಮೊದಮೊದಲು ಮಾಡಿದ 737ಗಳಲ್ಲಿ ಶೀಟ್ ಶೀಟ್ ಸೇರೋ ಜಾಗಕ್ಕೆ ತಣ್ಣಗೆ ಕ್ಯೂರ್ ಆಗೋ ಎಪಾಕ್ಸಿ, ಜೊತೆಗೆ ರಿವೆಟ್. ಲೋಡು ಅಂಟು ಹೊರಬೇಕು ಅಂತ ಡಿಸೈನ್. ಆ ಅಂಟಿನ ಕೆಲಸದಲ್ಲಿ ಮುಖ ತಯಾರಿ ಮತ್ತೆ ತೇವದ ತೊಂದರೆ ಇತ್ತು, ಅಂಟು ಬಿಡ್ತು, ಆ ಸಂದಿಗೆ ಸಮುದ್ರದ ತೇವ ಸೇರಿ ಕರೋಷನ್ ಆಯ್ತು, ಲೋಡೆಲ್ಲ ರಿವೆಟ್ ಮೇಲೆ ಬಿತ್ತು, ರಿವೆಟ್ ತೂತಿನ ಅಂಚಿಂದ ಫೆಟೀಗ್ (ಮತ್ತೆ ಮತ್ತೆ ಲೋಡ್ ಬಿದ್ದು ದಣಿದ) ಬಿರುಕು ಒಂದಕ್ಕೊಂದು ಸೇರಿಕೊಂಡ್ವು. 89,680 ಸಲ ಹಾರಿದ್ದ ವಿಮಾನ ಅದು. ರಿವೆಟ್ ಕೆಟ್ಟದ್ದು ಅಂತಲ್ಲ, ತೂತು ಮಾಡಿದ ಕಡೆ ಎಳೆತ ಸೇರುತ್ತೆ, ನೀರಿಗೂ ದಾರಿ. ಅಂಟು ಚೆನ್ನಾಗಿ ಕೂತರೆ ಅದು ಲೋಡನ್ನ ಉದ್ದಕ್ಕೂ ಹಂಚುತ್ತೆ. ಆದ್ರೆ ಇವರ ಬೋರ್ಡಿಗೆ ಎರಡು ತುದೀಲೂ ಒಂದೊಂದು ಅಲ್ಯೂಮಿನಿಯಂ ರಿವೆಟ್ ಇರಲಿ ಅಂತ ನಾನೂ ಹೇಳ್ತೀನಿ, ಯಾಕಂದ್ರೆ ಬಿಡೋದು ಯಾವಾಗ್ಲೂ ತುದಿಯಿಂದ ಶುರು ಆಗೋದು. ಆ್ಯಂಗಲ್ ಗಡುಸು, ಶೀಟು ತೆಳು, ಗಾಳಿಗೆ ಶೀಟು ಬಾಗಿದಾಗ ತುದಿ ಸಿಪ್ಪೆ ಸುಲಿಯೋ ತರ ಎಳೆಯುತ್ತೆ. ಆ್ಯಂಗಲ್ ತುದಿಯನ್ನ ಓರೆಯಾಗಿ ಕತ್ತರಿಸಿ ತೆಳು ಮಾಡಿದ್ರೆ ಇನ್ನೂ ಒಳ್ಳೇದು.

ಕೆಮಿಸ್ಟ್ರಿ_ಸೋಮವಾರಪೇಟೆ

ನಾನು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡೋಳು, ನಾಪೋಕ್ಲು ಅವರು ಹೇಳಿದ "ನೀರಿಗೆ ಒಲವು" ಅನ್ನೋದಕ್ಕೆ ಲೆಕ್ಕ ಇದೆ, ಅದನ್ನ ಹೇಳ್ತೀನಿ ಯಾಕಂದ್ರೆ ನನಗೆ ಇದು ಮೊದಲು ಓದಿದಾಗ ಬಹಳ ಹಿಡಿಸಿತ್ತು. ಎಪಾಕ್ಸಿ ಮತ್ತೆ ಕಬ್ಬಿಣದ ಆಕ್ಸೈಡ್ ಜೋಡಿಗೆ 1970ರ ದಶಕದಲ್ಲೇ ಲೆಕ್ಕ ಹಾಕಿದ್ದಾರೆ, ಒಣ ಗಾಳೀಲಿ ಅವೆರಡನ್ನ ಬೇರೆ ಮಾಡೋಕೆ ಚದರ ಮೀಟರಿಗೆ ಸುಮಾರು 291 ಮಿಲಿಜೌಲ್ ಬೇಕು, ನೀರೊಳಗೆ ಅದೇ ಲೆಕ್ಕ ಮೈನಸ್ 255. ಮೈನಸ್ ಅಂದ್ರೆ ನೀವು ಎಳೆಯೋದೇ ಬೇಡ, ನೀರು ಗಡಿಗೆ ತಲುಪಿದ್ರೆ ಬೇರೆ ಆಗೋದೇ ಅದಕ್ಕೆ ಸಲೀಸು. ಅಲ್ಯೂಮಿನಿಯಂಗೂ ನೀರಲ್ಲಿ ಮೈನಸ್ಸೇ. ಒರಟು ಮಾಡೋದು ಒಂದೇ ಸಾಲಲ್ಲ, ನೀರು ಕೀಳೋಕೆ ಆಗದ ಗಟ್ಟಿ ರಾಸಾಯನಿಕ ಬಂಧ ಬೇಕು, ಇಲ್ಲ ಅಂಟು ಒಳಗಿಳಿದು ಬೇರು ಬಿಡೋ ಅಂಥ ಸಣ್ಣ ರಂಧ್ರದ ಆಕ್ಸೈಡ್ ಬೇಕು. ಎರಡನೇದನ್ನ ವಿಮಾನದವರು ಫಾಸ್ಫಾರಿಕ್ ಆಸಿಡ್ ಆನೋಡೈಸಿಂಗ್ ಅಂತ ಆಸಿಡಲ್ಲಿ ಕರೆಂಟ್ ಕೊಟ್ಟು ಮಾಡ್ತಾರೆ, ಸುಮಾರು 10 ವೋಲ್ಟಲ್ಲಿ 20–25 ನಿಮಿಷ. ನಿಮ್ಮ ಶಾಪಿಗೆ ಮೊದಲನೇದು, ಸೈಲೇನ್, ಸುಲಭ.

ಮೊದಲು ಪೆಟ್ರೋಲ್ ಬಿಡಿ. ಅದರಲ್ಲಿ ಬೇರೆ ಬೇರೆ ಸೇರಿಕೆ ಇರುತ್ತೆ, ಆರಿದ ಮೇಲೆ ಕಣ್ಣಿಗೆ ಕಾಣದ ಪದರ ಉಳಿಯುತ್ತೆ, ಬೆಂಕಿ ಅಪಾಯ ಬೇರೆ. ಒಳ್ಳೇ ಅಸಿಟೋನ್ ಇಲ್ಲ ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಳಿ (ಇವೂ ಬೆಂಕಿಗೆ ಹತ್ತೋವೇ, ವೆಲ್ಡಿಂಗ್ ಮಾಡೋ ಕಡೆಯಿಂದ ದೂರ ಇಡಿ), ಬಿಳಿ ಹತ್ತಿ ಬಟ್ಟೇಲಿ ಒಂದೇ ದಿಕ್ಕಿಗೆ ಒರೆಸಿ, ಆರೋ ಮುಂಚೆ ಇನ್ನೊಂದು ಒಣ ಬಟ್ಟೇಲಿ ಎತ್ತಿ, ಬಟ್ಟೆ ಬಿಳಿಯಾಗೇ ಬರೋ ತನಕ. ಒರೆಸಿದ ಮೇಲೇ ಉಜ್ಜೋದು, ಉಲ್ಟಾ ಮಾಡಿದ್ರೆ ಜಿಡ್ಡು ಗೀರಿನ ಒಳಗೇ ಕೂರುತ್ತೆ. ಎಮರಿ ಪೇಪರ್ ಅದಕ್ಕೂ ಮುಂಚೆ ಕಬ್ಬಿಣಕ್ಕೆ ಉಜ್ಜಿದ್ದು ಆಗಬಾರದು, ಸ್ಟೀಲ್ ಬ್ರಷ್ ಅಲ್ಯೂಮಿನಿಯಂ ಮೇಲೆ ಹಾಕಲೇಬಾರದು, ಕಬ್ಬಿಣದ ಕಣ ಸಿಕ್ಕಿಕೊಂಡ್ರೆ ಅಲ್ಲಿಂದಲೇ ಕರೋಷನ್. ಬಾಡಿ ಶಾಪಿನ ಕೆಲವು ಸ್ಯಾಂಡ್ ಪೇಪರ್ ಮೇಲೆ ಪುಡಿ ಕಟ್ಟದ ಹಾಗೆ ಸ್ಟಿಯರೇಟ್ ಲೇಪ ಇರುತ್ತೆ, ಅದೂ ಮುಖಕ್ಕೆ ಅಂಟಿಕೊಳ್ಳುತ್ತೆ, ಬೇಡ. ಶಾಪಲ್ಲಿ ಸಿಲಿಕೋನ್ ಸ್ಪ್ರೇ ಹೊಡೆಯೋ ಅಭ್ಯಾಸ ಇದ್ರೆ ಇದೇ ಕೋಣೇಲಿ ಬೇಡವೇ ಬೇಡ.

ಆಮೇಲೆ ಶುದ್ಧ ನೀರು ಚಿಮುಕಿಸಿ ನೋಡಿ. ನೀರು ಒಂದೇ ಪರದೆಯಾಗಿ ನಿಂತರೆ ಸರಿ, ಕೆಸುವಿನೆಲೆ ಮೇಲಿನ ಹನಿ ತರ ಗುಂಡಾದ್ರೆ ಜಿಡ್ಡು ಇದೆ, ಮತ್ತೆ ಮೊದಲಿಂದ. ಇದಕ್ಕೆ ದುಡ್ಡಿಲ್ಲ, ಇಷ್ಟು ನಂಬೋ ಅಂಥ ಪರೀಕ್ಷೆ ಇನ್ನೊಂದಿಲ್ಲ. ಆದ್ರೆ ಇದು ಹೇಳೋದು ಕ್ಲೀನ್ ಆಗಿದೆ ಅಂತ ಮಾತ್ರ, ಬಾಳಿಕೆ ಬರುತ್ತೆ ಅಂತಲ್ಲ.

ಸೈಲೇನ್ ಅಂದ್ರೆ ಗ್ಲೈಸಿಡಾಕ್ಸಿಪ್ರೊಪೈಲ್ ಟ್ರೈಮೆಥಾಕ್ಸಿ ಸೈಲೇನ್ ಅಂತ ಕೇಳಿ. ಡಿಸ್ಟಿಲ್ಡ್ ವಾಟರಿಗೆ 1% ಹಾಕಿ, ಅಸಿಟಿಕ್ ಆಸಿಡ್ ಹನಿ ಹಾಕಿ ಪಿಎಚ್ 5ರ ಹತ್ತಿರ ತನ್ನಿ, ಒಂದು ಗಂಟೆ ಕಲಕಿ, ಅವತ್ತೇ ಬಳಸಿ. ಉಜ್ಜಿದ ಮುಖದ ಮೇಲೆ ಹತ್ತು ಹದಿನೈದು ನಿಮಿಷ ಒದ್ದೆಯಾಗೇ ಇರೋ ಹಾಗೆ ಬ್ರಷ್ ಮಾಡ್ತಾ ಇರಿ, ಆಮೇಲೆ ಬಿಸಿಗಾಳೀಲಿ 80ರಿಂದ 110 ಡಿಗ್ರಿ ಒಳಗೆ ಸುಮಾರು ಒಂದು ಗಂಟೆ ಒಣಗಿಸಿ. ಇದರ ಅಣುವಿನ ಒಂದು ತುದಿ ಆಕ್ಸೈಡ್ ಜೊತೆ, ಇನ್ನೊಂದು ತುದಿ ಎಪಾಕ್ಸಿ ಜೊತೆ ಬಂಧ ಮಾಡುತ್ತೆ, ನೀರಿಗೆ ನುಗ್ಗೋಕೆ ಕಷ್ಟ. ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ, ಕಲಕುವಾಗ ಮೆಥನಾಲ್ ಬಿಡುಗಡೆ ಆಗುತ್ತೆ.

ಹಳೇ ಪುಸ್ತಕದಲ್ಲಿ ಸಲ್ಫ್ಯೂರಿಕ್ ಆಸಿಡ್, ಡೈಕ್ರೋಮೇಟ್ ಬೆರೆಸಿ ಮುಖ ಕೊರೆಯೋ ಎಚ್ಚಿಂಗ್ ಬರೆದಿರ್ತಾರೆ, ಕೆಲಸ ಮಾಡುತ್ತೆ ನಿಜ, ಆದ್ರೆ ದಯವಿಟ್ಟು ಅದರ ಹತ್ತಿರ ಹೋಗ್ಬೇಡಿ. ಅದರಲ್ಲಿರೋ ಆರು ವೇಲೆನ್ಸಿ ಕ್ರೋಮಿಯಂ ಕ್ಯಾನ್ಸರ್ ತರೋ ವಸ್ತು, ನಮ್ಮ ಊರಿನ ಚರಂಡಿ ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ತೊಳೆದು ಚೆಲ್ಲೋ ಜಾಗವೇ ನಮಗಿಲ್ಲ.

ಗೋಣಿಕೊಪ್ಪ_ಫ್ಯಾಬ್

ಮೇಡಂ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಎರಡು ಡೌಟು. ಅರ್ಜೆಂಟ್ ಆರ್ಡರ್ ಬಂದ್ರೆ ಮಳೆಗಾಲದಲ್ಲೇ ಅಂಟಿಸ್ಬೇಕಾಗುತ್ತೆ, ಅವಾಗ ಏನು ಮಾಡೋದು? ಇನ್ನೊಂದು, ಐದು ನಿಮಿಷದ ಎಪಾಕ್ಸಿ ಬಳಸಬಹುದಾ?

ನಾಪೋಕ್ಲು_ಬಾಂಡಿಂಗ್

ಐದು ನಿಮಿಷದ್ದು ಬೇಡ, ಬೇಗ ಹಿಡಿಯೋ ಆ ಟೈಪು ನೀರಿಗೂ ಬಿಸಿಗೂ ಬೇಗ ಸೋಲುತ್ತೆ. ನಿಧಾನದ್ದೇ ತಗೊಳಿ.

ಮಳೆಗಾಲದ್ದು ಒಳ್ಳೇ ಪ್ರಶ್ನೆ. ಲೋಹದ ಮೇಲೆ ಇಬ್ಬನಿ ಕೂರಬಾರದು, ಅದಕ್ಕೆ ಶೀಟಿನ ಬಿಸಿ ಡ್ಯೂ ಪಾಯಿಂಟಿಗಿಂತ (ಗಾಳಿಯ ತೇವ ಇಬ್ಬನಿಯಾಗೋ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಮೇಲಿರ್ಬೇಕು ಅನ್ನೋದು ಸಾಮಾನ್ಯ ನಿಯಮ. 20 ಡಿಗ್ರಿ ಗಾಳೀಲಿ ತೇವಾಂಶ 60% ಇದ್ರೆ ಡ್ಯೂ ಪಾಯಿಂಟ್ ಸುಮಾರು 12, ಚಿಂತೆ ಇಲ್ಲ. ಜುಲೈನಲ್ಲಿ 95% ಇದ್ರೆ ಡ್ಯೂ ಪಾಯಿಂಟ್ 19ರ ಮೇಲೆ, ಅಂದ್ರೆ ರಾತ್ರಿ ತಣ್ಣಗಾದ ಶೀಟು ಬೆಳಗ್ಗೆ ಕೈಗೆ ಒಣಗಿದ ಹಾಗೆ ಕಂಡ್ರೂ ಮೇಲೆ ನೀರಿನ ಪದರ ಇರುತ್ತೆ, ನೀವು ಅಂಟಿಸೋದು ಆ ನೀರಿನ ಮೇಲೆ. ಚಿಕ್ಕ ಕೋಣೆ ಮುಚ್ಚಿ, ಹೀಟರ್ ಇಲ್ಲ ಹ್ಯಾಲೋಜೆನ್ ಬಲ್ಬ್ ಹಾಕಿ ಶೀಟು, ಆ್ಯಂಗಲ್ ಎರಡನ್ನೂ ಮೊದಲು ಬೆಚ್ಚಗೆ ಮಾಡ್ಕೊಳಿ. ಬೆರೆಸಿದ ಅಂಟನ್ನ ಮುಖದ ಮೇಲೆ ಹರಡಿ ಟೀ ಕುಡಿಯೋಕೆ ಹೋಗ್ಬೇಡಿ, ತಣ್ಣನೆ ಒದ್ದೆ ಗಾಳೀಲಿ ಹಾರ್ಡನರ್‌ನ (ಗಟ್ಟಿ ಮಾಡೋ ಟ್ಯೂಬಿನ) ಅಮೈನು ತೇವ ಮತ್ತೆ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದ ತರ ಪದರ ಕಟ್ಟುತ್ತೆ, ಆಮೇಲೆ ಜೋಡಿಸಿದ್ರೆ ಹಿಡಿಯಲ್ಲ. ಉಜ್ಜಿದ್ದು, ಸೈಲೇನ್ ಹಾಕಿದ್ದು ಕೈಯಲ್ಲಿ ಮುಟ್ಟದೆ ಆದಷ್ಟು ಬೇಗ ಮುಚ್ಚಿ.

ಕ್ಲಾಂಪನ್ನ ಜೋರಾಗಿ ಬಿಗೀಬೇಡಿ, ಅಂಟೆಲ್ಲ ಪಕ್ಕಕ್ಕೆ ಹೋಗಿ ನಡುವೆ ಖಾಲಿ ಉಳಿಯುತ್ತೆ. 0.1ರಿಂದ 0.3 ಮಿಲಿಮೀಟರ್ ಉಳೀಬೇಕು, ಸಣ್ಣ ತಂತಿ ತುಂಡು ಎರಡು ಇಟ್ಟರೆ ಸಾಕು. ರಾತ್ರಿ ತಣ್ಣಗಾದ್ರೆ ಕ್ಯೂರ್ ನಿಧಾನ, ಹತ್ತು ಡಿಗ್ರಿ ಇಳಿದ್ರೆ ಟೈಮು ಹೆಚ್ಚುಕಮ್ಮಿ ಡಬಲ್ ಅಂತ ಇಟ್ಕೊಳಿ, ಕ್ಯೂರ್ ಆಗೋ ತನಕ ಬಲ್ಬು ಉರೀಲಿ.

ಮತ್ತೆ ಆ್ಯಂಗಲ್ ಅಗಲ. ನೀರು ಅಂಚಿಂದ ಒಳಗೆ ಇಂಗೋ ಟೈಮು ಅಗಲದ ವರ್ಗಕ್ಕೆ ಹೋಗುತ್ತೆ, ಅಗಲ ಎರಡು ಪಟ್ಟು ಮಾಡಿದ್ರೆ ನಡುವಿಗೆ ಅದೇ ತೇವ ತಲುಪೋಕೆ ನಾಲ್ಕು ಪಟ್ಟು ಟೈಮು. ಆಚೆ ಸುತ್ತ ಒಳ್ಳೇ ಸೀಲೆಂಟ್ ಎಳೆಯಿರಿ, ಕೆಲಸ ಪೂರ್ತಿ ಮುಗಿದ ಮೇಲೆ. ಸೀಲೆಂಟ್ ಇದೆ ಅಂತ ಮುಖದ ತಯಾರಿ ಬಿಡೋ ಹಾಗಿಲ್ಲ, ಅದು ನೀರನ್ನ ತಡ ಮಾಡುತ್ತೆ, ನಿಲ್ಲಿಸಲ್ಲ.

ಭಾಗಮಂಡಲ ಕಡೆ ಈಗಾಗ್ಲೇ ನೇತಾಡ್ತಿರೋ ಬೋರ್ಡುಗಳಲ್ಲಿ ಯಾವುದಾದ್ರೂ ಜನ ಓಡಾಡೋ ದಾರಿ ಮೇಲಿದ್ರೆ ಮೊದಲು ಅದಕ್ಕೆ ರಿವೆಟ್ ಹೊಡೆದು ಬನ್ನಿ. ಒಳಗೆ ಎಷ್ಟು ಬಿಟ್ಟಿದೆ ಅಂತ ಹೊರಗಿಂದ ತಿಳಿಯಲ್ಲ. ನಾಣ್ಯದಲ್ಲಿ ತಟ್ಟಿದ್ರೆ ಪೂರ್ತಿ ಬಿಟ್ಟ ಕಡೆ ಟೊಳ್ಳು ಶಬ್ದ ಬರುತ್ತೆ, ಆದ್ರೆ ಅಂಟಿಕೊಂಡೇ ಇದ್ದು ಬಲ ಕಳ್ಕೊಂಡ ಜಾಗ ತಟ್ಟಿದ್ರೂ ಗೊತ್ತಾಗಲ್ಲ, ವಿಮಾನದವರಿಗೆ ಇವತ್ತಿಗೂ ದೊಡ್ಡ ತಲೆನೋವು ಅದೇ.

ಟಿಂಕರಿಂಗ್_ಮಡಿಕೇರಿ

ಸ್ಟಿಯರೇಟ್ ವಿಷಯ ಗೊತ್ತಿರಲಿಲ್ಲ ಮೇಡಂ, ನಮ್ಮಲ್ಲಿರೋದು ಪೂರ್ತಿ ಅದೇ ಪೇಪರ್. ಈ ಬೆಣೆ ಟೆಸ್ಟ್ ನಾನೂ ಮಾಡಿ ನೋಡ್ತೀನಿ.

ಗೋಣಿಕೊಪ್ಪ_ಫ್ಯಾಬ್

ಅಪ್‌ಡೇಟ್. ಸೈಲೇನ್ ಬೆಂಗಳೂರಿಂದ ತರಿಸಿದೆ, ಹಂಡೆ ಪಕ್ಕ ಡಬ್ಬಿ ಇಟ್ಟೆ. ಪೆಟ್ರೋಲ್-ಎಮರಿ ಪಟ್ಟಿ ಬೆಣೆ ಹೊಡೆದಾಗ ಬಿರುಕು ಬೇರೆ ಪಟ್ಟಿಗಳಷ್ಟೇ ದೂರ ಹೋಗಿ ನಿಂತಿತ್ತು, ಆದ್ರೆ ಬೆಳಗ್ಗೆ ನೋಡಿದ್ರೆ ಬಹುತೇಕ ಕೊನೆ ತನಕ ಓಡಿದೆ, ಒಳಗೆ ಬೋಳು ಲೋಹ, ಭಾಗಮಂಡಲದ ಬೋರ್ಡಲ್ಲಿ ನೋಡಿದ್ದೇ. ಅಸಿಟೋನ್ ಒರೆಸಿ ಕ್ಲೀನಾಗಿ ಉಜ್ಜಿದ್ದು ನಡುವೆ ಎಲ್ಲೋ ನಿಂತಿದೆ. ಸೈಲೇನ್ ಹಾಕಿದ್ದು ಗುರುತಿಂದ ಸ್ವಲ್ಪವೇ ಮುಂದೆ ಹೋಗಿದೆ, ಬಿಡಿಸೋಕೆ ಹೋದ್ರೆ ಅಂಟು ಎರಡೂ ಕಡೆ ಹರಿದುಕೊಂಡು ಬಂತು. ಅಂಟು ಮೂರಕ್ಕೂ ಒಂದೇ ಟ್ಯೂಬು. ಹೊಸ ಆರ್ಡರೆಲ್ಲ ಇನ್ನು ಹೀಗೇ, ರೇಟು ಸ್ವಲ್ಪ ಜಾಸ್ತಿ ಕೇಳ್ತೀನಿ. ಜಿಐ ಶೀಟಿಗೂ ಇದೇ ಕ್ರಮ ನಡೆಯುತ್ತಾ?

ಕೆಮಿಸ್ಟ್ರಿ_ಸೋಮವಾರಪೇಟೆ

ನೋಡಿ ಬಹಳ ಖುಷಿ ಆಯ್ತು. ಜಿಐಗೆ ಜೋರಾಗಿ ಉಜ್ಜಬೇಡಿ, ಮೇಲಿನ ಸತುವಿನ ಪದರ ತೆಳು, ಅದು ಹೋದ್ರೆ ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ಕಾರ್ಖಾನೆ ಎಣ್ಣೆ ಚೆನ್ನಾಗಿ ತೆಗೆದು, ನೈಲಾನ್ ಪ್ಯಾಡಲ್ಲಿ ಹಗುರಾಗಿ ಹೊಳಪು ಕಳೆದ್ರೆ ಸಾಕು, ಬಿಳಿ ತುಕ್ಕು ಇರೋ ಶೀಟ್ ತಗೊಳ್ಲೇಬೇಡಿ. ಸೈಲೇನ್ ಹಾಕಬಹುದು, ಆದ್ರೆ ಅಲ್ಯೂಮಿನಿಯಂ ರಿಸಲ್ಟ್ ನೋಡಿ ಇದಕ್ಕೂ ಹಾಗೇ ಅಂದ್ಕೋಬೇಡಿ, ಬೇರೆಯಾಗಿ ಟೆಸ್ಟ್ ಮಾಡಿ. ತೆಳು ಶೀಟಿಗೆ ಬೆಣೆ ಹೊಡೆದ್ರೆ ಶೀಟೇ ಬಾಗಿ ಹೋಗುತ್ತೆ, ಹಾಗಾಗಿ ಒಂದು ಪಟ್ಟಿಯ ತುದಿ ಇನ್ನೊಂದರ ತುದಿ ಮೇಲೆ ಸ್ವಲ್ಪ ಬರೋ ಹಾಗೆ ಅಂಟಿಸಿ, ಕೆಳಗೆ ಕಲ್ಲು ಕಟ್ಟಿ, ಅಂಟಿದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ ಬೆಚ್ಚಗಿರೋ ಕಡೆ ನೇತು ಹಾಕಿ, ಯಾವುದು ಮೊದಲು ಬೀಳುತ್ತೆ ನೋಡಿ. ಕೆಳಗೆ ಗೋಣಿ ಹಾಸಿರಿ, ಕಾಲ ಮೇಲೆ ಬಿದ್ದೀತು.